ಸೋತವರಿಗೂ ಒಂದು ಕುರ್ಚಿ: ಮಾರಿಷಸ್‌ನ ಅಬ್ದುಲ್ ರಝಾಕ್ ಮುಹಮ್ಮದ್

2025ರ ಅಕ್ಟೋಬರ್ ತಿಂಗಳ ಒಂದು ಮಧ್ಯಾಹ್ನ. ಅಟ್ಟೂರಿನ ನಮ್ಮ ಬೀದಿಯಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೆಯುತ್ತಿತ್ತು. ಸರಕಾರಿ ಶಾಲೆಯ ಟೀಚರೊಬ್ಬರು ಮೊಬೈಲ್ ಹಿಡಿದುಕೊಂಡು ಮನೆ ಮನೆಗೆ ಬರುತ್ತಿದ್ದರು. ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಹೆಸರು, ವಯಸ್ಸು, ಓದು, ಉದ್ಯೋಗ ಎಲ್ಲವನ್ನೂ ಕೇಳಿ ಮುಗಿಸಿ ಧರ್ಮ ಮತ್ತು ಜಾತಿಯ ಪ್ರಶ್ನೆಗೆ ಬಂದಾಗ ಸ್ವಲ್ಪ ಸಂಕೋಚದಿಂದಲೇ, "ಹೇಳಲೇಬೇಕು ಅಂತೇನಿಲ್ಲ, ನಿಮಗೆ ಇಷ್ಟ ಇದ್ದರೆ ಮಾತ್ರ" ಎಂದರು. ಸಮೀಕ್ಷೆಯಲ್ಲಿ ಭಾಗವಹಿಸುವುದು ಕಡ್ಡಾಯವಲ್ಲ ಎಂದು ಸೆಪ್ಟೆಂಬರ್‌ನಲ್ಲಿಯೇ ಹೈಕೋರ್ಟ್ ಹೇಳಿತ್ತು.

ಎದುರು ಮನೆಯ ಹಿರಿಯರು ಗೇಟಿನ ಬಳಿ ನಿಂತಿದ್ದರು. "ಏನ್ ಭಾಯ್, ಇದನ್ನೆಲ್ಲ ಯಾಕೆ ಬರೆಸ್ಕೋಬೇಕು? ಎಲ್ಲಾರೂ ಮನುಷ್ಯರೇ ಅಂತ ಬರ್ಕೊಂಡು ಹೋದ್ರೆ ಆಗಲ್ವಾ?" ಎಂದು ನಕ್ಕರು. ಒಳಗಿನಿಂದ ನಮ್ಮ ಅಮ್ಮಿಯ ಧ್ವನಿ ಬಂತು: "ಬರೆಸು. ಲೆಕ್ಕದಲ್ಲಿ ಇಲ್ಲದವರಿಗೆ ಪಾಲಿನಲ್ಲಿ ಏನು ಸಿಗುತ್ತೆ?"

ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ನಾನು ಬರೆಸಿದೆ. ಆದರೆ ಆ ಎರಡು ಮಾತುಗಳು ಮನಸ್ಸಿನಿಂದ ಹೋಗಲಿಲ್ಲ. ಒಂದು ಸಮುದಾಯ ತನ್ನ ಪಾಲನ್ನು ಪಡೆಯಬೇಕಾದರೆ ತನ್ನ ಹೆಸರನ್ನು ಬೇರೆಯಾಗಿ ಹೇಳಿಕೊಳ್ಳಲೇಬೇಕೇ? ಹಾಗೆ ಹೇಳಿಕೊಂಡ ಮೇಲೆ ಆ ಹೆಸರೇ ಅದರ ಸುತ್ತ ಗೋಡೆಯಾಗುವುದಿಲ್ಲವೇ? ಈ ಪ್ರಶ್ನೆಯನ್ನು ಇಡೀ ಜೀವಮಾನ ಹೊತ್ತು ತಿರುಗಿದ ಒಬ್ಬ ರಾಜಕಾರಣಿಯ ಕಥೆಯನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ. ಅವರು ಹುಟ್ಟಿದ್ದು ನಮ್ಮ ದೇಶದಲ್ಲಿ. ಬಾಳಿದ್ದು, ಗೆದ್ದದ್ದು, ಸೋತದ್ದು ಹಿಂದೂ ಮಹಾಸಾಗರದ ಮಾರಿಷಸ್ ಎಂಬ ಪುಟ್ಟ ದ್ವೀಪದಲ್ಲಿ. ಹೆಸರು ಸರ್ ಅಬ್ದುಲ್ ರಝಾಕ್ ಮುಹಮ್ಮದ್.

ದೇವನಹಳ್ಳಿಯ ಮಗ ಮತ್ತು ಆ ದ್ವೀಪ

ಮಾರಿಷಸ್ ನಮಗೆ ಅಪರಿಚಿತ ನಾಡೇನಲ್ಲ. ಅಟ್ಟೂರಿನಿಂದ ಯಲಹಂಕ ದಾಟಿ ಉತ್ತರಕ್ಕೆ ಹೊರಟರೆ ದೇವನಹಳ್ಳಿ ಸಿಗುತ್ತದೆ. ಅಲ್ಲಿ ಹುಟ್ಟಿದ ಟಿಪ್ಪು ಸುಲ್ತಾನರ ಕೊನೆಯ ಯುದ್ಧಕ್ಕೆ ನೆಪ ಒದಗಿಸಿದ್ದು ಇದೇ ದ್ವೀಪ. ಆಗ ಅದು ಫ್ರೆಂಚರ ವಸಾಹತು. ಬ್ರಿಟಿಷರ ವಿರುದ್ಧ ನೆರವು ಕೇಳಲು ಟಿಪ್ಪು ಕಳುಹಿಸಿದ ಇಬ್ಬರು ರಾಯಭಾರಿಗಳು ಮಂಗಳೂರಿನಿಂದ ಹಡಗೇರಿ 1798ರ ಜನವರಿಯಲ್ಲಿ ಪೋರ್ಟ್ ಲೂಯಿ ಬಂದರಿನಲ್ಲಿ ಇಳಿದರು. ಮಾತುಕತೆ ಗುಟ್ಟಾಗಿ ನಡೆಯಬೇಕಾಗಿತ್ತು. ಆದರೆ ಅಲ್ಲಿಯ ಗವರ್ನರ್ ಮಾಲಾರ್ಟಿಕ್ ಜನವರಿ 30ರಂದು ಬಹಿರಂಗ ಘೋಷಣೆ ಹೊರಡಿಸಿ, ಮೈಸೂರಿನ ಸೈನ್ಯಕ್ಕೆ ಸ್ವಯಂಸೇವಕರು ಬೇಕಾಗಿದ್ದಾರೆ ಎಂದು ಸಾರಿಬಿಟ್ಟ. ಕೊನೆಗೆ ಸಿಕ್ಕಿದ್ದು ಸುಮಾರು ನೂರು ಜನ ಮಾತ್ರ. ಆದರೆ ಆ ಘೋಷಣೆಯ ಪ್ರತಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಕೈಸೇರಿದಾಗ ಯುದ್ಧಕ್ಕೆ ಬೇಕಾದ ಕಾರಣ ಸಿಕ್ಕಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. 1810ರ ಡಿಸೆಂಬರ್‌ನಲ್ಲಿ ಆ ದ್ವೀಪವೂ ಬ್ರಿಟಿಷರ ವಶವಾಯಿತು.

ಬ್ರಿಟಿಷರು ಬಂದ ಮೇಲೆ ದ್ವೀಪದ ತುಂಬ ಕಬ್ಬು ಬೆಳೆಯಿತು. ಗುಲಾಮಗಿರಿ ರದ್ದಾದಾಗ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು. 1834ರ ನವೆಂಬರ್ 2ರಂದು ಅಟ್ಲಾಸ್ ಎಂಬ ಹಡಗು 36 ಭಾರತೀಯ ಕೂಲಿಗಳನ್ನು ಪೋರ್ಟ್ ಲೂಯಿಯಲ್ಲಿ ಇಳಿಸಿತು. ಅಲ್ಲಿಂದ ಮುಂದೆ ಸುಮಾರು ಎಂಟು ದಶಕಗಳಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಕಲ್ಕತ್ತ, ಮದರಾಸು, ಮುಂಬಯಿ ಬಂದರುಗಳಿಂದ ಕರಾರಿನ ಕೂಲಿಗಳಾಗಿ ಅಲ್ಲಿಗೆ ಹೋದರು. ಅವರು ಇಳಿದ ಕಟ್ಟೆ, ಆಪ್ರವಾಸಿ ಘಾಟ್, ಈಗ ಯುನೆಸ್ಕೋದ ವಿಶ್ವ ಪರಂಪರೆಯ ತಾಣ.

ಆ ಕೂಲಿಗಳಲ್ಲಿ ಹೆಚ್ಚಿನವರು ಹಿಂದೂಗಳು. ಒಂದು ಪಾಲು ಮುಸ್ಲಿಮರು. ಇವರಿಗಿಂತ ಮೊದಲೇ ಫ್ರೆಂಚರ ಕಾಲದಲ್ಲಿ ಲಸ್ಕರ್ ನಾವಿಕರಾಗಿ ಬಂದು ನೆಲೆಸಿದ ಮುಸ್ಲಿಮರಿದ್ದರು. ಪೋರ್ಟ್ ಲೂಯಿಯ ಅಲ್ ಅಕ್ಸಾ ಮಸೀದಿ ಅವರ ಕಾಲದ್ದು. ಕೂಲಿಗಳ ಹಿಂದೆಯೇ ಗುಜರಾತಿನ ವರ್ತಕರೂ ಬಂದರು. ಅಕ್ಕಿ, ಬಟ್ಟೆಯ ವ್ಯಾಪಾರ ಅವರ ಕೈಯಲ್ಲಿತ್ತು. ಪೋರ್ಟ್ ಲೂಯಿಯ ಹೆಸರಾಂತ ಜುಮ್ಮಾ ಮಸೀದಿಯನ್ನು 1850ರ ದಶಕದಲ್ಲಿ ಅವರೇ ಕಟ್ಟಿಸಿದರು. ಹೀಗೆ ದ್ವೀಪದ ಮುಸ್ಲಿಮರಲ್ಲಿ ತೋಟದ ಕೂಲಿಯ ಮೊಮ್ಮಗನೂ ಇದ್ದ, ಬಂದರಿನ ಸಾಹುಕಾರನೂ ಇದ್ದ. ಎಲ್ಲರನ್ನೂ ಸೇರಿಸಿದರೆ ಜನಸಂಖ್ಯೆಯ ಆರನೇ ಒಂದು ಭಾಗ.

ಕಲ್ಕತ್ತದಿಂದ ಬಂದ ಯುವಕ

ಅಬ್ದುಲ್ ರಝಾಕ್ ಮುಹಮ್ಮದ್ ಹುಟ್ಟಿದ್ದು 1906ರಲ್ಲಿ, ಕಲ್ಕತ್ತದಲ್ಲಿ. ಆ ನಗರಕ್ಕೂ ನಮ್ಮ ದೇವನಹಳ್ಳಿಗೂ ಒಂದು ನಂಟಿದೆ. 1806ರ ವೆಲ್ಲೂರು ದಂಗೆಯ ನಂತರ ಬ್ರಿಟಿಷರು ಟಿಪ್ಪುವಿನ ಮಕ್ಕಳನ್ನು ಕಲ್ಕತ್ತಕ್ಕೆ ಸಾಗಿಸಿದರು. ಅವರಲ್ಲಿ ಒಬ್ಬರಾದ ಗುಲಾಮ್ ಮುಹಮ್ಮದ್ 1842ರಲ್ಲಿ ಧರ್ಮತಲಾದಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ಟಿಪ್ಪು ಸುಲ್ತಾನ್ ಮಸೀದಿ ಎಂದೇ ಹೆಸರಾಗಿದೆ. ಮೈಸೂರಿನ ಸುಲ್ತಾನರ ವಂಶ ದಿಕ್ಕಿಲ್ಲದೆ ಬಂದು ನೆಲೆಸಿದ ನಗರದಿಂದಲೇ ಈ ಯುವಕ, ಆ ಸುಲ್ತಾನರು ನೆರವು ಕೇಳಿದ್ದ ದ್ವೀಪಕ್ಕೆ ಹೊರಟ.

ಅವರು ಕರಾರಿನ ಕೂಲಿಯಾಗಿ ಹೋದವರಲ್ಲ. ಆ ಪದ್ಧತಿಯ ಕಾಲ ಆಗಲೇ ಮುಗಿದಿತ್ತು. ಹೊರಗಿನಿಂದ ಬಂದವರು ಎಂಬ ಮಾತು ಅವರ ಬೆನ್ನಿಗಿತ್ತು. ಮೂರು ನಾಲ್ಕು ತಲೆಮಾರುಗಳಿಂದ ಅಲ್ಲಿ ಬೆವರು ಸುರಿಸಿದ ಜನರ ನಾಯಕನಾಗಲು ಇಂಥವರಿಗೆ ಏನು ಹಕ್ಕು ಎಂದು ಕೇಳುವವರು ಇದ್ದೇ ಇರುತ್ತಾರೆ. ಅದಕ್ಕೆ ಉತ್ತರ ಕೊಟ್ಟದ್ದು ಪೋರ್ಟ್ ಲೂಯಿಯ ನಗರಸಭೆ. ರಝಾಕ್ ಮುಹಮ್ಮದ್ ಮೊದಲು ನಗರದ ರಾಜಕಾರಣದಲ್ಲಿ ಬೇರೂರಿದರು, ರಾಜಧಾನಿಯ ಮೇಯರ್ ಸ್ಥಾನಕ್ಕೆ ಏರಿದರು. ಪ್ಲೇನ್ ವೆರ್ಟ್‌ನಂಥ ಮುಸ್ಲಿಮ್ ಬಡಾವಣೆಗಳ ಬೆಂಬಲ ಅವರ ಬಲವಾಯಿತು.

ಆ ಕಾಲದ ಭಯವನ್ನು ಅರ್ಥಮಾಡಿಕೊಳ್ಳದೆ ಅವರ ರಾಜಕೀಯ ಅರ್ಥವಾಗುವುದಿಲ್ಲ. 1948ರ ಚುನಾವಣೆಯವರೆಗೆ ಮತದಾನ ಆಸ್ತಿವಂತರ ಹಕ್ಕಾಗಿತ್ತು. ಆ ವರ್ಷ ಓದು ಬರಹ ಬಲ್ಲವರಿಗೆಲ್ಲ ಮತ ಸಿಕ್ಕಿತು. ಚುನಾಯಿತ ಸ್ಥಾನಗಳು 19. ಹಿಂದೂಗಳು 11 ಸ್ಥಾನ ಗೆದ್ದರು. ಉಳಿದವು ಕ್ರಿಯೋಲ್ ಮತ್ತು ಬಿಳಿಯ ಅಭ್ಯರ್ಥಿಗಳಿಗೆ ಹೋದವು. ಮುಸ್ಲಿಮರಲ್ಲಿ ಒಬ್ಬರೂ ಗೆಲ್ಲಲಿಲ್ಲ. ಭಾರತ ವಿಭಜನೆಯಾಗಿ ಒಂದೇ ವರ್ಷವಾಗಿತ್ತು. ರಝಾಕ್ ಮುಹಮ್ಮದ್ ಹುಟ್ಟಿದ ಕಲ್ಕತ್ತ ನಗರ 1946ರ ಆಗಸ್ಟ್‌ನಲ್ಲಿ ರಕ್ತದಲ್ಲಿ ಮಿಂದಿತ್ತು. ಸ್ವಾತಂತ್ರ್ಯ ಎಂಬ ಶಬ್ದ ಕೇಳಿದರೆ ದ್ವೀಪದ ಬಹುಸಂಖ್ಯಾತರಿಗೆ ಹಬ್ಬವಾಗಿ ಕಾಣುತ್ತಿತ್ತು. ಅಲ್ಪಸಂಖ್ಯಾತರಿಗೆ ಅದರೊಳಗೆ ಒಂದು ಪ್ರಶ್ನೆಯೂ ಕಾಣುತ್ತಿತ್ತು: ಬ್ರಿಟಿಷರು ಹೋದ ಮೇಲೆ ನಮ್ಮ ಗತಿ ಏನು?

ಈ ಭಯದಿಂದಲೇ ಅವರು ಮೊದಲು ಸೇರಿದ್ದು ಜೂಲ್ಸ್ ಕೊಯ್ನಿಗ್ ನಾಯಕತ್ವದ ಪಾಳಯವನ್ನು. ಅದು ಬಿಳಿಯ ಸಕ್ಕರೆ ಮಾಲೀಕರು, ಕ್ರಿಯೋಲ್ ಮಧ್ಯಮವರ್ಗ ಒಟ್ಟಾಗಿದ್ದ ಪಾಳಯ. ಹಿಂದೂ ಬಹುಮತದ ಎದುರು ಉಳಿದವರೆಲ್ಲ ಒಂದಾಗಬೇಕು ಎಂಬುದು ಅಲ್ಲಿಯ ಲೆಕ್ಕ. ಆದರೆ ವರ್ಷಗಳು ಕಳೆದಂತೆ ಇದರ ಮಿತಿ ಕಾಣಿಸಿತು. ತೋಟದ ಮಾಲೀಕನ ಭಯವೂ ಮುಸ್ಲಿಮ್ ಕೂಲಿಯ ಭಯವೂ ಒಂದೇ ಅಲ್ಲ. ಮಾಲೀಕನಿಗೆ ತನ್ನ ಸವಲತ್ತು ಉಳಿಯಬೇಕಾಗಿತ್ತು. ಕೂಲಿಗೆ ಬೇಕಾಗಿದ್ದು ಮನೆ, ಶಾಲೆ ಮತ್ತು ಸಭೆಯಲ್ಲಿ ತನ್ನವನೊಬ್ಬನ ಧ್ವನಿ.

1950ರ ದಶಕದ ಕೊನೆಯಲ್ಲಿ ರಝಾಕ್ ಮುಹಮ್ಮದ್ ಆ ಪಾಳಯವನ್ನು ಬಿಟ್ಟರು. 'ಕೊಮಿತೆ ದಾಕ್ಸಿಯೋಂ ಮುಸುಲ್ಮಾನ್', ಅಂದರೆ ಮುಸ್ಲಿಮ್ ಕ್ರಿಯಾ ಸಮಿತಿ ಎಂಬ ಪಕ್ಷವನ್ನು ಕಟ್ಟಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಆ ಪಕ್ಷವನ್ನು ಡಾ. ಶಿವಸಾಗರ ರಾಮ್‌ಗುಲಾಮ್ ಅವರ ಲೇಬರ್ ಪಕ್ಷದ ಜೊತೆಗೆ ನಿಲ್ಲಿಸಿದರು. ಯಾರ ಬಹುಮತದ ಬಗ್ಗೆ ಭಯವಿತ್ತೋ ಅವರ ಜೊತೆಯಲ್ಲೇ ಕುಳಿತು ಷರತ್ತುಗಳನ್ನು ಮಾತಾಡುವ ದಾರಿ ಇದು. ದೂರ ನಿಂತು ಹೆದರುವುದಕ್ಕಿಂತ ಹತ್ತಿರ ಹೋಗಿ ಒಪ್ಪಂದ ಮಾಡಿಕೊಳ್ಳುವುದು ಮೇಲು ಎಂಬ ಈ ತೀರ್ಮಾನವೇ ಅವರ ಜೀವನದ ತಿರುವು. 1959ರ ಮಾರ್ಚ್‌ನಲ್ಲಿ ವಯಸ್ಕರೆಲ್ಲರಿಗೂ ಮತದಾನದ ಹಕ್ಕು ಸಿಕ್ಕ ಮೊದಲ ಚುನಾವಣೆಯಲ್ಲಿ 40 ಸ್ಥಾನಗಳ ಪೈಕಿ ಸಮಿತಿಗೆ 5 ಬಂದವು. 1963ರಲ್ಲಿ 4 ಬಂದವು.

ಬಿರುಗಾಳಿ ಮತ್ತು ಮನೆಗಳು

ಅವರ ಪಾಲಿಗೆ ಬಂದದ್ದು ವಸತಿ ಖಾತೆ. ಇಂಥ ಖಾತೆಯನ್ನು ರಾಜಕಾರಣಿಗಳು ದೊಡ್ಡದೆಂದು ಭಾವಿಸುವುದಿಲ್ಲ. ಆದರೆ 1960ರ ಜನವರಿಯಲ್ಲಿ ಅಲಿಕ್ಸ್, ಫೆಬ್ರವರಿ ಕೊನೆಯಲ್ಲಿ ಕ್ಯಾರಲ್, ಹೀಗೆ ಎರಡು ಚಂಡಮಾರುತಗಳು ಬೆನ್ನು ಬೆನ್ನಿಗೆ ದ್ವೀಪವನ್ನು ಬಡಿದವು. ಕ್ಯಾರಲ್ ಚಂಡಮಾರುತ ಒಂದೇ ಬಾರಿಗೆ ಹತ್ತಾರು ಸಾವಿರ ಮನೆಗಳನ್ನು ನೆಲಸಮ ಮಾಡಿತು. ಬಡವರ ಮನೆಗಳೆಂದರೆ ಮರದ ಚೌಕಟ್ಟು, ಹುಲ್ಲು ಅಥವಾ ತಗಡಿನ ಮಾಡು. ಗಾಳಿಗೆ ಅವು ನಿಲ್ಲುವುದಾದರೂ ಹೇಗೆ? ಜನ ಶಾಲೆಗಳಲ್ಲಿ, ಆಶ್ರಯ ಶಿಬಿರಗಳಲ್ಲಿ ತಿಂಗಳುಗಟ್ಟಲೆ ಕಳೆದರು.

ಆ ವರ್ಷವೇ ಕೇಂದ್ರ ವಸತಿ ಪ್ರಾಧಿಕಾರ ಹುಟ್ಟಿತು. ದ್ವೀಪದ ಉದ್ದಗಲಕ್ಕೂ 'ಸಿತೆ' ಎಂದು ಕರೆಯುವ ಸಾಲು ಮನೆಗಳ ಬಡಾವಣೆಗಳು ಎದ್ದವು. ಗಾಳಿಗೆ ನಿಲ್ಲುವ ಗೋಡೆ, ಚಿಕ್ಕದಾದರೂ ಸ್ವಂತದ್ದೆನ್ನುವ ಬಾಗಿಲು. ಹಿಂದೂ, ಮುಸ್ಲಿಮ್, ಕ್ರಿಯೋಲ್ ಎನ್ನದೆ ಮನೆ ಕಳೆದುಕೊಂಡವರಿಗೆ ಇವು ಬೇಕಾಗಿದ್ದವು. ಒಂದು ಸಮುದಾಯದ ಹೆಸರಿನಲ್ಲಿ ಮತ ಕೇಳಿದ ಮನುಷ್ಯನ ಕೆಲಸ ಎಲ್ಲ ಸಮುದಾಯದವರ ತಲೆಯ ಮೇಲೆ ಸೂರಾಯಿತು ಎಂಬುದನ್ನು ನಾವು ಮರೆಯಬಾರದು. ಸಮುದಾಯದ ಪ್ರತಿನಿಧಿ ಸಮುದಾಯಕ್ಕಷ್ಟೇ ಉಪಯೋಗ ಎಂಬ ಮಾತನ್ನು ನಾವು ಬಹಳ ಸಲ ಕೇಳಿದ್ದೇವೆ. ಈ ಮನೆಗಳು ಆ ಮಾತಿಗೆ ಉತ್ತರ.

ಲಂಡನ್ನಿನ ಮೇಜು

1965ರ ಸೆಪ್ಟೆಂಬರ್‌ನಲ್ಲಿ ಮಾರಿಷಸ್‌ನ ಎಲ್ಲ ಪಕ್ಷಗಳ ನಾಯಕರು ಲಂಡನ್ನಿನ ಲಂಕಾಸ್ಟರ್ ಹೌಸ್‌ನಲ್ಲಿ ಸೇರಿದರು. ಸ್ವಾತಂತ್ರ್ಯ ಬೇಕೇ, ಬ್ರಿಟನ್ ಜೊತೆ ಸಂಬಂಧ ಉಳಿಸಿಕೊಳ್ಳಬೇಕೇ ಎಂಬುದು ಪ್ರಶ್ನೆ. ಲೇಬರ್ ಪಕ್ಷ ಸ್ವಾತಂತ್ರ್ಯದ ಪರ. ಆಗ ಗಾಯತಾಂ ದುವಾಲ್ ಎಂಬ ಯುವ ನಾಯಕ ಮಿಂಚುತ್ತಿದ್ದ ಪಿಎಂಎಸ್‌ಡಿ ಪಕ್ಷ ಅದರ ವಿರುದ್ಧ. ರಝಾಕ್ ಮುಹಮ್ಮದ್ ಅವರ ಸಮಿತಿ ನಡುವೆ ನಿಂತಿತ್ತು. ಅವರ ಷರತ್ತು ಒಂದೇ: ಮುಸ್ಲಿಮರಿಗೆ ಸಭೆಯಲ್ಲಿ ಸ್ಥಾನ ಖಾತರಿಯಾಗಬೇಕು. ಅದಕ್ಕೆ ಪ್ರತ್ಯೇಕ ಮತದಾರರ ಪಟ್ಟಿಯಾಗಲಿ, ಮೀಸಲು ಸ್ಥಾನಗಳಾಗಲಿ ಬೇಕು.

ಪ್ರತ್ಯೇಕ ಮತದಾರರ ಪಟ್ಟಿ ಎಂಬ ಶಬ್ದ ಭಾರತೀಯರ ಕಿವಿಗೆ ಕಹಿ. ನಮ್ಮಲ್ಲಿ ಅದು 1909ರಲ್ಲಿ ಬಂತು, 1947ರ ನಂತರ ಹೋಯಿತು. ಸಂವಿಧಾನ ಸಭೆಯಲ್ಲಿ ಧರ್ಮಾಧಾರಿತ ಮೀಸಲು ಸ್ಥಾನಗಳೂ 1949ರ ಮೇ ತಿಂಗಳಲ್ಲಿ ಕೈಬಿಟ್ಟುಹೋದವು. ಮದರಾಸಿನ ಮುಹಮ್ಮದ್ ಇಸ್ಮಾಯೀಲ್ ಸಾಹೇಬರು ಪ್ರತ್ಯೇಕ ಮತದ ಪರ ವಾದಿಸಿದರು. ಬೇಗಂ ಐಝಾಝ್ ರಸೂಲ್ ಅವರು ಮೀಸಲಾತಿಯೇ ಅಲ್ಪಸಂಖ್ಯಾತರಿಗೆ ಹಾನಿ ಎಂದು ವಾದಿಸಿದರು. ಬೇಗಂ ಅವರ ವಾದಕ್ಕೆ ಜಯವಾಯಿತು. ಬಹುಸಂಖ್ಯಾತರ ಸದ್ಭಾವನೆಯ ಮೇಲೆ ವಿಶ್ವಾಸವಿಡುವ ದಾರಿಯನ್ನು ಭಾರತದ ಮುಸ್ಲಿಮ್ ನಾಯಕರಲ್ಲಿ ಹಲವರು ಆರಿಸಿಕೊಂಡರು.

ಮಾರಿಷಸ್ ಬೇರೆ ದಾರಿ ಹುಡುಕಿತು. ಬ್ರಿಟಿಷ್ ಸರಕಾರ ಪ್ರತ್ಯೇಕ ಪಟ್ಟಿಗೆ ಒಪ್ಪಲಿಲ್ಲ. ಆದರೆ ಯಾವ ಸಮುದಾಯವೂ ಸಭೆಯ ಹೊರಗೆ ಉಳಿಯದಂಥ ಚುನಾವಣಾ ಪದ್ಧತಿಯನ್ನು ರೂಪಿಸುವುದಾಗಿ ಹೇಳಿತು. ಆ ಭರವಸೆಯ ಮೇಲೆ ರಝಾಕ್ ಮುಹಮ್ಮದ್ ಸ್ವಾತಂತ್ರ್ಯದ ಪಕ್ಷಕ್ಕೆ ನಿಂತರು. 1966ರಲ್ಲಿ ಬ್ಯಾನ್‌ವೆಲ್ ಆಯೋಗ ಬಂದು ವರದಿ ಕೊಟ್ಟಿತು. ವರದಿಯ ಸೂತ್ರ ಲೇಬರ್ ಪಕ್ಷಕ್ಕೂ ಹಿಡಿಸಲಿಲ್ಲ, ಸಮಿತಿಗೂ ಹಿಡಿಸಲಿಲ್ಲ. ಕೊನೆಗೆ ಬ್ರಿಟಿಷ್ ಮಂತ್ರಿ ಜಾನ್ ಸ್ಟೋನ್‌ಹೌಸ್ ಸ್ವತಃ ಪೋರ್ಟ್ ಲೂಯಿಗೆ ಬಂದು ಎಲ್ಲರನ್ನೂ ಕೂರಿಸಿ ಒಂದು ರಾಜಿ ಮಾಡಿಸಿದರು. ಅದರ ಹೆಸರು 'ಬೆಸ್ಟ್ ಲೂಸರ್' ಪದ್ಧತಿ. ಸೋತವರಲ್ಲಿ ಮೇಲಿನವರು ಎಂದರ್ಥ.

ಅದು ಕೆಲಸ ಮಾಡುವ ರೀತಿ ಹೀಗಿದೆ. ಮತದಾರರ ಪಟ್ಟಿ ಎಲ್ಲರಿಗೂ ಒಂದೇ. ಕ್ಷೇತ್ರಗಳೂ ಒಂದೇ. ದ್ವೀಪದ 20 ಕ್ಷೇತ್ರಗಳಿಂದ ತಲಾ 3, ರೋಡ್ರಿಗ್ಸ್ ದ್ವೀಪದಿಂದ 2, ಹೀಗೆ 62 ಜನ ಚುನಾಯಿತರಾಗುತ್ತಾರೆ. ಪ್ರತಿಯೊಬ್ಬ ಅಭ್ಯರ್ಥಿಯೂ ನಾಮಪತ್ರದಲ್ಲಿ ತಾನು ಹಿಂದೂ, ಮುಸ್ಲಿಮ್, ಚೀನೀ ಅಥವಾ 'ಸಾಮಾನ್ಯ ಜನಸಂಖ್ಯೆ' ಎಂಬ ನಾಲ್ಕರಲ್ಲಿ ಯಾವುದಕ್ಕೆ ಸೇರಿದವನೆಂದು ಬರೆಯಬೇಕು. ಫಲಿತಾಂಶ ಬಂದ ಮೇಲೆ ಚುನಾವಣಾ ಆಯೋಗ ಒಂದು ಲೆಕ್ಕ ಹಾಕುತ್ತದೆ. ಒಂದು ಸಮುದಾಯ ಗೆದ್ದ ಸ್ಥಾನಗಳಿಗೆ ಒಂದನ್ನು ಕೂಡಿಸಿ, ಆ ಮೊತ್ತದಿಂದ ಅದರ ಜನಸಂಖ್ಯೆಯನ್ನು ಭಾಗಿಸುತ್ತದೆ. ಯಾರ ಭಾಗಲಬ್ಧ ದೊಡ್ಡದೋ ಅವರಿಗೆ ಪ್ರಾತಿನಿಧ್ಯ ಕಡಿಮೆಯಾಗಿದೆ ಎಂದರ್ಥ. ಆಗ ಆ ಸಮುದಾಯದ ಸೋತ ಅಭ್ಯರ್ಥಿಗಳಲ್ಲಿ ಅತಿ ಹೆಚ್ಚು ಬೆಂಬಲ ಪಡೆದವರನ್ನು ಸಭೆಗೆ ಕರೆಯುತ್ತಾರೆ. ಇಂಥ ಸ್ಥಾನಗಳು ಹೆಚ್ಚೆಂದರೆ 8. ಇದರಿಂದ ಪಕ್ಷಗಳ ಬಲಾಬಲ ತಲೆಕೆಳಗಾಗದಂತೆಯೂ ನೋಡಿಕೊಳ್ಳುತ್ತಾರೆ.

ಇಲ್ಲಿಯ ಸೂಕ್ಷ್ಮವನ್ನು ಗಮನಿಸಬೇಕು. ಪ್ರತ್ಯೇಕ ಪಟ್ಟಿಯಲ್ಲಿ ಮುಸ್ಲಿಮ್ ಅಭ್ಯರ್ಥಿ ಮುಸ್ಲಿಮರ ಮನೆಗೆ ಮಾತ್ರ ಹೋದರೆ ಸಾಕು. ಈ ಪದ್ಧತಿಯಲ್ಲಿ ಸೋತವನಾಗಿ ಸ್ಥಾನ ಪಡೆಯಬೇಕಾದರೂ ಎಲ್ಲರ ಬಾಗಿಲನ್ನೂ ತಟ್ಟಿ ಹೆಚ್ಚು ಮತ ಗಳಿಸಿರಬೇಕು. ರಝಾಕ್ ಮುಹಮ್ಮದ್ ಕೇಳಿದ್ದು ಗೋಡೆ. ಸಿಕ್ಕಿದ್ದು ಕಿಟಕಿ. ಅವರು ಅದಕ್ಕೆ ಒಪ್ಪಿದರು. ಆ ಒಪ್ಪಿಗೆಯಲ್ಲಿ ಅವರ ದೊಡ್ಡತನವಿದೆ ಎಂದು ನನಗನಿಸುತ್ತದೆ.

ಅದೇ ಲಂಡನ್ ಭೇಟಿಯಲ್ಲಿ ಇನ್ನೊಂದು ಘಟನೆ ನಡೆಯಿತು. ಅದನ್ನು ಮುಚ್ಚಿಟ್ಟು ಅವರ ಗುಣಗಾನ ಮಾಡುವುದು ಪ್ರಾಮಾಣಿಕತೆಯಲ್ಲ. ಸೆಪ್ಟೆಂಬರ್ 23ರಂದು ಬ್ರಿಟಿಷರು ಚಾಗೋಸ್ ದ್ವೀಪಗಳನ್ನು ಮಾರಿಷಸ್‌ನಿಂದ ಬೇರ್ಪಡಿಸಲು ನಾಯಕರ ಒಪ್ಪಿಗೆ ಕೇಳಿದರು. ಅಲ್ಲಿ ಅಮೆರಿಕದ ಸೇನಾ ನೆಲೆ ಬರಬೇಕಾಗಿತ್ತು. ಪರಿಹಾರ 30 ಲಕ್ಷ ಪೌಂಡು. ರಾಮ್‌ಗುಲಾಮ್ ಜೊತೆ ಆ ಕೋಣೆಯಲ್ಲಿದ್ದ ಮಂತ್ರಿಗಳಲ್ಲಿ ರಝಾಕ್ ಮುಹಮ್ಮದ್ ಒಬ್ಬರು. ನಾಯಕರು ತತ್ವಶಃ ಒಪ್ಪಿದರು. ಮುಂದೆ ಆ ದ್ವೀಪಗಳ ಸಾವಿರಾರು ನಿವಾಸಿಗಳನ್ನು ಒಕ್ಕಲೆಬ್ಬಿಸಲಾಯಿತು. ಸ್ವಾತಂತ್ರ್ಯ ಕೊಡುವವನ ಎದುರು ಕುಳಿತವನ ಒಪ್ಪಿಗೆ ನಿಜವಾದ ಒಪ್ಪಿಗೆಯಲ್ಲ ಎಂಬ ಅರ್ಥದ ಅಭಿಪ್ರಾಯವನ್ನು ಅಂತಾರಾಷ್ಟ್ರೀಯ ನ್ಯಾಯಾಲಯ 2019ರಲ್ಲಿ ಕೊಟ್ಟಿತು. 2025ರ ಮೇ 22ರಂದು ಬ್ರಿಟನ್ ಆ ದ್ವೀಪಗಳನ್ನು ಹಿಂದಿರುಗಿಸುವ ಒಪ್ಪಂದಕ್ಕೆ ಸಹಿ ಹಾಕಿತು. ದೊಡ್ಡವರ ಎದುರು ತನ್ನ ಸಮುದಾಯದ ಪಾಲನ್ನು ಕಾಪಾಡಿದವರೂ ಆ ಮೇಜಿನ ಬಳಿ ಕುರ್ಚಿಯೇ ಇಲ್ಲದ ಚಾಗೋಸ್ ಜನರ ಪಾಲನ್ನು ಕಾಪಾಡಲಾಗಲಿಲ್ಲ. ಚರಿತ್ರೆ ಇಂಥ ಪಾಠವನ್ನೂ ಕಲಿಸುತ್ತದೆ.

ಸ್ವಾತಂತ್ರ್ಯ, ಅದರ ಬೆಲೆ

1967ರ ಆಗಸ್ಟ್ 7ರಂದು ನಿರ್ಣಾಯಕ ಚುನಾವಣೆ ನಡೆಯಿತು. ಲೇಬರ್, ಸುಖದೇವ್ ಬಿಸ್ಸೂನ್‌ದಯಾಳ್ ಅವರ ಪಕ್ಷ ಮತ್ತು ಮುಸ್ಲಿಮ್ ಸಮಿತಿ ಮೂರೂ ಸೇರಿ 'ಸ್ವಾತಂತ್ರ್ಯ ಪಕ್ಷ' ಎಂಬ ಹೆಸರಿನಲ್ಲಿ ನಿಂತವು. ಈ ಕೂಟಕ್ಕೆ 39 ಸ್ಥಾನ ಬಂದರೆ ಪಿಎಂಎಸ್‌ಡಿಗೆ 23 ಬಂದವು. ಆದರೆ ಮತಗಳಲ್ಲಿ ನೋಡಿದರೆ ಸ್ವಾತಂತ್ರ್ಯ ಬೇಡ ಎಂದವರು ನೂರಕ್ಕೆ ನಲವತ್ತಕ್ಕೂ ಹೆಚ್ಚು. ಅವರಲ್ಲಿ ಮುಸ್ಲಿಮರೂ ಇದ್ದರು. ಸಮುದಾಯ ಎರಡಾಗಿ ಒಡೆದಿತ್ತು. ಅಂಥ ಹೊತ್ತಿನಲ್ಲಿ ಮುಸ್ಲಿಮ್ ಸಮಿತಿ ಆ ಕಡೆಗೆ ವಾಲಿದ್ದರೆ ಮಾರಿಷಸ್‌ನ ಚರಿತ್ರೆ ಬೇರೆಯಾಗಬಹುದಿತ್ತು ಎಂಬುದು ಉತ್ಪ್ರೇಕ್ಷೆಯಲ್ಲ.

ಸ್ವಾತಂತ್ರ್ಯಕ್ಕೆ ಎರಡು ತಿಂಗಳಿರುವಾಗ, 1968ರ ಜನವರಿಯಲ್ಲಿ, ಪೋರ್ಟ್ ಲೂಯಿಯಲ್ಲಿ ಗಲಭೆ ಹೊತ್ತಿಕೊಂಡಿತು. ಬೀದಿ ಪುಂಡರ ಎರಡು ಗುಂಪುಗಳ ಜಗಳ ಮುಸ್ಲಿಮ್ ಮತ್ತು ಕ್ರಿಯೋಲ್ ಜನರ ನಡುವಿನ ಹತ್ಯೆಗಳಾಗಿ ಬೆಳೆಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ತಲೆಮಾರುಗಳಿಂದ ಪಕ್ಕಪಕ್ಕದಲ್ಲಿ ಬಾಳಿದ ಕುಟುಂಬಗಳು ಗಂಟುಮೂಟೆ ಕಟ್ಟಿ ತಮ್ಮ ತಮ್ಮವರ ಬಡಾವಣೆಗಳಿಗೆ ಹೋದವು. ಶಾಂತಿ ತರಲು ಬ್ರಿಟಿಷ್ ಸೈನಿಕರನ್ನು ವಿಮಾನದಲ್ಲಿ ಕರೆಸಬೇಕಾಯಿತು. ಮಾರ್ಚ್ 12ರಂದು ಧ್ವಜ ಏರಿದಾಗ ನಗರದಲ್ಲಿ ಸೈನಿಕರ ಕಾವಲಿತ್ತು. ರಾಜಮನೆತನದ ಪ್ರತಿನಿಧಿಯಾಗಿ ಬರಬೇಕಾಗಿದ್ದ ರಾಜಕುಮಾರಿಯ ಭೇಟಿಯೂ ರದ್ದಾಗಿತ್ತು. ಸಭೆಯಲ್ಲಿ ಎಲ್ಲರಿಗೂ ಕುರ್ಚಿ ಹಾಕುವ ಸೂತ್ರ ಸಿದ್ಧವಾಗಿತ್ತು, ಆದರೆ ಬೀದಿಯಲ್ಲಿ ಒಟ್ಟಿಗೆ ಬಾಳುವುದಕ್ಕೆ ಸೂತ್ರವಿರಲಿಲ್ಲ.

ಸೋಲು

1969ರಲ್ಲಿ ನಿನ್ನೆಯ ವಿರೋಧಿಗಳಾದ ಲೇಬರ್ ಮತ್ತು ಪಿಎಂಎಸ್‌ಡಿ ಒಂದೇ ಸರಕಾರದಲ್ಲಿ ಸೇರಿದವು. ನಡೆಯಬೇಕಾಗಿದ್ದ ಚುನಾವಣೆಯನ್ನು 1976ರವರೆಗೆ ಮುಂದೂಡಿದರು. ತುರ್ತು ಪರಿಸ್ಥಿತಿ, ಪತ್ರಿಕೆಗಳ ಮೇಲೆ ಕಡಿವಾಣ, ನಿರುದ್ಯೋಗ ಎಲ್ಲವೂ ಬಂದವು. ಅದೇ 1969ರಲ್ಲಿ ಎಂಎಂಎಂ ಎಂಬ ಎಡಪಂಥೀಯ ಪಕ್ಷ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಫ್ರೆಂಚ್ ಮೂಲದ ಪಾಲ್ ಬೆರಂಜೆ, ತೆಲುಗು ಮೂಲದ ದೇವ್ ವೀರಾಸ್ವಾಮಿ, ಮುಸ್ಲಿಮ್ ಯುವಕ ಜುನೈದ್ ಜೀರೂಬರ್ಖಾನ್ ಇದ್ದರು. ಅವರು ಕೇಳಿದ ಪ್ರಶ್ನೆ ಸರಳ: ಬಡ ಮುಸ್ಲಿಮ್ ಬಂದರು ಕಾರ್ಮಿಕನ ಹಿತ ಪಕ್ಕದ ಬಡ ಹಿಂದೂ ಕಾರ್ಮಿಕನ ಹಿತಕ್ಕಿಂತ ಬೇರೆಯೇ?

ಮತದಾನದ ವಯಸ್ಸು 18ಕ್ಕೆ ಇಳಿದಿತ್ತು. 1976ರ ಡಿಸೆಂಬರ್ ಚುನಾವಣೆಯಲ್ಲಿ ಎಂಎಂಎಂ 34 ಸ್ಥಾನ ಪಡೆದು ಅತಿ ದೊಡ್ಡ ಪಕ್ಷವಾಯಿತು. ಪ್ಲೇನ್ ವೆರ್ಟ್‌ನ ಮಕ್ಕಳು ತಂದೆಯರ ಸಮಿತಿಯನ್ನು ಬಿಟ್ಟು ಹೊಸ ಪಕ್ಷದ ಹಿಂದೆ ಹೋದರು. ಅಲ್ಲಿಯವರೇ ಆದ ಕಾಸಿಮ್ ಉತೀಮ್ ಆ ಪಕ್ಷದಿಂದ ಸಂಸತ್ತಿಗೆ ಬಂದರು. ಮುಂದೆ 1992ರಿಂದ 2002ರವರೆಗೆ ಅವರು ದೇಶದ ರಾಷ್ಟ್ರಪತಿಯಾದರು. ಮುಸ್ಲಿಮ್ ಸಮಿತಿಯ ಹೆಸರು ಕ್ರಮೇಣ ಮಸುಕಾಯಿತು. 1978ರಲ್ಲಿ ರಝಾಕ್ ಮುಹಮ್ಮದ್ ತೀರಿಕೊಂಡರು.

ಇದನ್ನು ಅವರ ಸೋಲು ಎನ್ನಬೇಕೇ? ಒಂದು ರೀತಿಯಲ್ಲಿ ಹೌದು. ಆದರೆ ಇನ್ನೊಂದು ರೀತಿಯಲ್ಲಿ ನೋಡಿದರೆ, ಸಭೆಯಲ್ಲಿ ತಮ್ಮ ಜಾಗ ಭದ್ರವಾಗಿದೆ ಎಂಬ ನಂಬಿಕೆ ಹುಟ್ಟಿದ ಮೇಲೆಯೇ ಆ ಯುವಕರು ಸಮುದಾಯದ ಪಕ್ಷವನ್ನು ಬಿಟ್ಟು ಹೋಗುವ ಧೈರ್ಯ ಮಾಡಿದರು. ಒಬ್ಬ ನಾಯಕ ತನ್ನ ಪಕ್ಷ ಬೇಡವಾಗುವಷ್ಟು ಭರವಸೆಯನ್ನು ತನ್ನ ಜನರಿಗೆ ಗಳಿಸಿಕೊಟ್ಟರೆ ಅದು ಸೋಲಾಗುವುದಿಲ್ಲ.

ಹೆಸರು ಹೇಳದವರ ಹಕ್ಕು

ಆದರೂ ಅವರ ಸೂತ್ರಕ್ಕೆ ಬೆಲೆ ಇದ್ದೇ ಇತ್ತು. 1982ರ ನಂತರ ಮಾರಿಷಸ್ ತನ್ನ ಜನಗಣತಿಯಲ್ಲಿ ಸಮುದಾಯವನ್ನು ಕೇಳುವುದನ್ನು ಬಿಟ್ಟಿತು. ಆದರೆ ಬೆಸ್ಟ್ ಲೂಸರ್ ಸ್ಥಾನಗಳ ಲೆಕ್ಕಕ್ಕೆ ಜನಸಂಖ್ಯೆ ಬೇಕಲ್ಲ? 1972ರ ಗಣತಿಯ ಅಂಕಿಗಳನ್ನೇ ಇಟ್ಟುಕೊಂಡರು. ಅರ್ಧ ಶತಮಾನ ಹಿಂದಿನ ಲೆಕ್ಕದ ಮೇಲೆ ಇಂದಿನವರ ಪಾಲು! ಜೊತೆಗೆ, ಯಾವ ಸಮುದಾಯದ ಹೆಸರನ್ನೂ ಬರೆಯಲು ಒಪ್ಪದ ಯುವ ಅಭ್ಯರ್ಥಿಗಳ ನಾಮಪತ್ರಗಳು ತಿರಸ್ಕೃತವಾದವು. 'ರೆಝಿಸ್ಟನ್ಸ್ ಎಕ್ ಆಲ್ಟರ್ನಟಿವ್' ಎಂಬ ಸಂಘಟನೆಯವರು ಈ ವಿಷಯವನ್ನು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯವರೆಗೆ ಒಯ್ದರು. 1972ರ ಹಳೆಯ ಅಂಕಿಗಳ ಆಧಾರದಲ್ಲಿ ಸಮುದಾಯ ಘೋಷಿಸಲೇಬೇಕೆಂಬ ಒತ್ತಾಯ ಸರಿಯಲ್ಲ ಎಂಬ ಅಭಿಪ್ರಾಯ 2012ರಲ್ಲಿ ಅಲ್ಲಿಂದ ಬಂತು. 2014ರ ಚುನಾವಣೆಗೆ ತಾತ್ಕಾಲಿಕ ತಿದ್ದುಪಡಿ ಮಾಡಿ, ಇಷ್ಟವಿಲ್ಲದವರು ಸಮುದಾಯ ಘೋಷಿಸದೆಯೇ ಸ್ಪರ್ಧಿಸಲು ಅವಕಾಶ ಕೊಟ್ಟರು.

2024ರ ನವೆಂಬರ್‌ನಲ್ಲಿ ಮಾರಿಷಸ್‌ನಲ್ಲಿ ಹೊಸ ಸರಕಾರ ಬಂತು. ಪ್ರಧಾನಿ ನವೀನ್ ರಾಮ್‌ಗುಲಾಮ್, ಅಂದಿನ ಶಿವಸಾಗರ ರಾಮ್‌ಗುಲಾಮ್ ಅವರ ಮಗ. ಅವರ ಸಂಪುಟದಲ್ಲಿ ವಸತಿ ಮತ್ತು ಭೂಮಿಯ ಖಾತೆ ಸಿಕ್ಕಿದ್ದು ಶಕೀಲ್ ಮುಹಮ್ಮದ್ ಅವರಿಗೆ. ಅವರು ರಝಾಕ್ ಮುಹಮ್ಮದ್ ಅವರ ಮೊಮ್ಮಗ. ಅದೇ ಸಂಪುಟದಲ್ಲಿ ಇನ್ನೊಬ್ಬ ಮಂತ್ರಿ ಅಶೋಕ್ ಸುಬ್ರೋನ್. ಸಮುದಾಯದ ಹೆಸರನ್ನು ಬರೆಯಲಾರೆವು ಎಂದು ವರ್ಷಗಟ್ಟಲೆ ಹೋರಾಡಿದ ರೆಝಿಸ್ಟನ್ಸ್ ಸಂಘಟನೆಯ ನಾಯಕ. ಹೆಸರು ಹೇಳಿ ಪಾಲು ಪಡೆದವರ ಮೊಮ್ಮಗ ಮತ್ತು ಹೆಸರು ಹೇಳುವುದಿಲ್ಲ ಎಂದವನು ಒಂದೇ ಮೇಜಿನ ಸುತ್ತ ಕುಳಿತರು. ನಮ್ಮ ಎದುರು ಮನೆಯ ಹಿರಿಯರೂ ನಮ್ಮ ಅಮ್ಮಿಯೂ ಒಂದೇ ಸಂಪುಟದಲ್ಲಿ ಕುಳಿತಂತೆ ನನಗೆ ಕಂಡಿತು.

ಪ್ರಾತಿನಿಧ್ಯ ಎಂಬುದು ಪುಸ್ತಕದ ಶಬ್ದವಲ್ಲ. ಅಟ್ಟೂರಿನವರಿಗೆ ಅದು ಚೆನ್ನಾಗಿ ಗೊತ್ತು. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ನಮ್ಮ ವಾರ್ಡಿಗೆ ಕಾರ್ಪೊರೇಟರ್ ಇರಲಿಲ್ಲ. ಬೀದಿ ದೀಪ ಕೆಟ್ಟರೆ, ಚರಂಡಿ ತುಂಬಿದರೆ ಯಾರ ಮನೆಯ ಬಾಗಿಲು ತಟ್ಟಬೇಕೆಂದು ಹಿಂದೂವಿಗೂ ಗೊತ್ತಿರಲಿಲ್ಲ, ಮುಸ್ಲಿಮನಿಗೂ ಗೊತ್ತಿರಲಿಲ್ಲ. ತನ್ನ ಮಾತನ್ನು ಸಭೆಗೆ ಒಯ್ಯುವವರಿಲ್ಲದ ಸ್ಥಿತಿ ಹೇಗಿರುತ್ತದೆ ಎಂಬುದನ್ನು ಆ ವರ್ಷಗಳಲ್ಲಿ ಇಡೀ ಬಡಾವಣೆ ಅನುಭವಿಸಿತು. ಅಲ್ಪಸಂಖ್ಯಾತರು ಪ್ರತಿ ಚುನಾವಣೆಯಲ್ಲೂ ಹೆದರುವುದು ಇದೇ ಸ್ಥಿತಿಗೆ ಎಂಬುದನ್ನು ನಮ್ಮ ಹಿಂದೂ ನೆರೆಯವರಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ.

ಮಾರಿಷಸ್‌ನ ಸೂತ್ರವನ್ನು ಇಲ್ಲಿ ನಕಲು ಮಾಡಬೇಕೆಂದು ನಾನು ಹೇಳುವುದಿಲ್ಲ. ಹನ್ನೆರಡು ಲಕ್ಷ ಜನರ ದ್ವೀಪಕ್ಕೂ ನಮ್ಮ ದೇಶಕ್ಕೂ ಹೋಲಿಕೆಯಿಲ್ಲ. ಆದರೆ ಕಲ್ಕತ್ತದಿಂದ ಹೋದ ಆ ಮನುಷ್ಯನ ಬದುಕಿನಿಂದ ಎರಡು ಮಾತುಗಳನ್ನು ಇಟ್ಟುಕೊಳ್ಳಬಹುದು. ಮೊದಲನೆಯದು, ತನ್ನ ಪಾಲನ್ನು ಕೇಳುವುದು ದೇಶದ್ರೋಹವಲ್ಲ. ಕೇಳಿದವರೇ ಆ ದೇಶವನ್ನು ಕಟ್ಟುವುದರಲ್ಲಿ ಮುಂದೆ ನಿಂತರು. ಎರಡನೆಯದು, ಪಾಲು ಕೇಳುವಾಗಲೂ ನೆರೆಯವರ ಬಾಗಿಲು ತಟ್ಟುವುದನ್ನು ಬಿಡಬಾರದು. ಸಮೀಕ್ಷೆಯ ಟೀಚರ್ ಹೋದ ಸಂಜೆ ಎದುರು ಮನೆಯ ಹಿರಿಯರು ನಮ್ಮ ಮನೆಗೆ ಚಹಾಕ್ಕೆ ಬಂದರು. ಅವರೂ ತಮ್ಮ ಜಾತಿಯನ್ನು ಬರೆಸಿದ್ದರು. "ಏನ್ ಮಾಡೋದು ಭಾಯ್, ನಮ್ ಹುಡುಗ್ರಿಗೂ ಬೇಕಲ್ವಾ" ಎಂದರು. ಅಮ್ಮಿ ಒಳಗಿನಿಂದ ಇನ್ನೊಂದು ಲೋಟ ಚಹಾ ಕಳಿಸಿದರು.